ಮುಗಿಲ ಮೇಲಿನ ಶಾಲೆ, ನೆಲದ ಮೇಲಿನ ಮಕ್ಕಳು



ಮಕ್ಕಳೊಡನೆ ಕುಳಿತು ಸಂಕೋಚವಿಲ್ಲದೆ ನೋಡಬಹುದಾದ ಚಿತ್ರ ಯಾವುದು ಎಂಬ ಪ್ರಶ್ನೆಯನ್ನು ಹೆತ್ತವರು ಧರ್ಮಗುರುಗಳ ಮುಂದಿಡುವುದು ಹೊಸದೇನಲ್ಲ. ಧರ್ಮಸಭೆಯೂ ಚಲನಚಿತ್ರವನ್ನು ಕೇವಲ ಕಾಲಹರಣದ ವಸ್ತುವೆಂದು ಬಗೆದಿಲ್ಲ. 1936ರಷ್ಟು ಹಿಂದೆಯೇ ಪೋಪ್ ಹನ್ನೊಂದನೆಯ ಪಯಸ್ ಅವರು ಚಲನಚಿತ್ರಗಳನ್ನೇ ವಿಷಯವಾಗಿಸಿ ಒಂದು ವಿಶ್ವಪರಿಪತ್ರವನ್ನು ಹೊರಡಿಸಿದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸಂಪರ್ಕ ಮಾಧ್ಯಮಗಳ ಕುರಿತ ತನ್ನ ಆಜ್ಞಾಪತ್ರದಲ್ಲಿ, ಮನೆಯೊಳಗೆ ಏನು ಬರುತ್ತಿದೆ ಎಂಬುದನ್ನು ಗಮನಿಸುವ ಹೊಣೆಯನ್ನು ಹೆತ್ತವರಿಗೆ ನೆನಪಿಸಿತು. ಕೆಟ್ಟದ್ದನ್ನು ಹೊರಗಿಡುವುದು ಆ ಹೊಣೆಯ ಒಂದು ಭಾಗ. ಒಳ್ಳೆಯದನ್ನು ವಿವೇಚನೆಯಿಂದ ನೋಡಿ, ಮಕ್ಕಳೊಡನೆ ಅದರ ಕುರಿತು ಮಾತನಾಡುವುದು ಇನ್ನೊಂದು ಭಾಗ. ಈ ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು. ಆದ್ದರಿಂದ ಈ ಸಂಚಿಕೆಯಲ್ಲಿ ನಿಮ್ಮೊಡನೆ ವಿಚಾರ ಮಾಡಲು ಒಂದು ಹಾಸ್ಯಚಿತ್ರವನ್ನು ಆರಿಸಿಕೊಂಡಿದ್ದೇನೆ. ಅದು 2005ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ತೆರೆಗೆ ತಂದ ‘ಸ್ಕೈ ಹೈ’. ಅದರ ನಿರ್ದೇಶಕರು ಮೈಕ್ ಮಿಚೆಲ್.

ಆ ವರ್ಷಗಳಲ್ಲಿ ಅತಿಮಾನುಷ ಶಕ್ತಿಯ ವೀರರ ಕಥೆಗಳು ಹಾಲಿವುಡ್ಡಿನಲ್ಲಿ ಪ್ರವಾಹದಂತೆ ಬರುತ್ತಿದ್ದವು. 2000ದಲ್ಲಿ ‘ಎಕ್ಸ್‌-ಮೆನ್’, 2002ರಲ್ಲಿ ‘ಸ್ಪೈಡರ್‌ಮ್ಯಾನ್’, 2004ರಲ್ಲಿ ‘ದಿ ಇನ್‌ಕ್ರೆಡಿಬಲ್ಸ್’ ತೆರೆಕಂಡಿದ್ದವು. ಇವುಗಳ ನಡುವೆ ‘ಸ್ಕೈ ಹೈ’ ಗಾತ್ರದಲ್ಲಿ ಚಿಕ್ಕದು. ಅದರ ಹಂಬಲವೂ ಚಿಕ್ಕದೇ. ಚಿತ್ರಕಥೆ ಕಾಮಿಕ್ ಪುಸ್ತಕಗಳನ್ನು ಪ್ರೀತಿಯಿಂದಲೇ ಗೇಲಿ ಮಾಡುತ್ತದೆ. ಅದರ ಬಣ್ಣಗಳೂ ಆ ಪುಸ್ತಕಗಳ ಬಣ್ಣಗಳೇ. ಆದರೆ ಈ ನಗುವಿನ ಕೆಳಗೆ ಒಂದು ಗಂಭೀರ ಪ್ರಶ್ನೆಯಿದೆ. ಮಕ್ಕಳನ್ನು ‘ಮೇಲಿನವರು’, ‘ಕೆಳಗಿನವರು’ ಎಂದು ವಿಂಗಡಿಸುವ ಅಧಿಕಾರ ಯಾರಿಗಿದೆ? ಹಾಗೆ ವಿಂಗಡಿಸಿದಾಗ ಆಗುವ ಗಾಯಕ್ಕೆ ಹೊಣೆ ಯಾರು? ಚಿತ್ರ ಈ ಪ್ರಶ್ನೆಯನ್ನು ಧೈರ್ಯದಿಂದ ಎತ್ತುತ್ತದೆ, ಅರ್ಧದಷ್ಟು ಉತ್ತರಿಸುತ್ತದೆ, ಉಳಿದರ್ಧವನ್ನು ನಮ್ಮ ಕೈಗೆ ಬಿಟ್ಟು ಎದ್ದುಹೋಗುತ್ತದೆ.

ಕಥೆಯ ಹಂದರ

ವಿಲ್ ಸ್ಟ್ರಾಂಗ್‌ಹೋಲ್ಡ್ ಎಂಬ ಹುಡುಗನ ತಂದೆತಾಯಿ ಲೋಕವಿಖ್ಯಾತ ವೀರರು. ತಂದೆ ‘ಕಮಾಂಡರ್’ ಅಪಾರ ಬಲಶಾಲಿ. ತಾಯಿ ‘ಜೆಟ್‌ಸ್ಟ್ರೀಮ್’ ಆಕಾಶದಲ್ಲಿ ಹಾರಬಲ್ಲವಳು. ಹೊರಗಿನ ಜನರ ಕಣ್ಣಿಗೆ ಮಾತ್ರ ಇಬ್ಬರೂ ಮನೆ-ನಿವೇಶನ ಮಾರಿಸುವ ಸಾಧಾರಣ ದಲ್ಲಾಳಿಗಳು. ಇಂಥವರ ಮಕ್ಕಳಿಗಾಗಿಯೇ ಮುಗಿಲ ಮೇಲೆ ತೇಲುವ ಒಂದು ಪ್ರೌಢಶಾಲೆಯಿದೆ. ಅಲ್ಲಿಗೆ ಮಕ್ಕಳನ್ನು ಕೊಂಡೊಯ್ಯುವುದು ಹಾರುವ ಹಳದಿ ಬಸ್ಸು. ಶಾಲೆ ಸೇರುವ ದಿನ ವಿಲ್‌ನ ಎದೆಯಲ್ಲಿ ಒಂದು ಗುಟ್ಟು ಕುಳಿತಿದೆ. ಅವನಲ್ಲಿ ಯಾವ ಶಕ್ತಿಯೂ ಕಾಣಿಸಿಕೊಂಡಿಲ್ಲ. ಅದನ್ನು ತಂದೆಗೆ ಹೇಳುವ ಧೈರ್ಯವೂ ಅವನಿಗಿಲ್ಲ.

ಮೊದಲ ದಿನವೇ ವ್ಯಾಯಾಮಶಾಲೆಯಲ್ಲಿ ಪರೀಕ್ಷೆ. ಒಬ್ಬೊಬ್ಬರೇ ವೇದಿಕೆ ಹತ್ತಿ ತಮ್ಮ ಶಕ್ತಿಯನ್ನು ತೋರಿಸಬೇಕು. ಗಂಟಲಿನ ಅಬ್ಬರವೇ ಶಕ್ತಿಯಾಗಿರುವ ಕೋಚ್ ಬೂಮರ್ ಒಂದೇ ಪದದಲ್ಲಿ ತೀರ್ಪು ಕೊಡುತ್ತಾನೆ: ‘ಹೀರೋ’ ಅಥವಾ ‘ಸೈಡ್‌ಕಿಕ್’. ಅಂದರೆ ನಾಯಕ ಅಥವಾ ಸಹಾಯಕ. ಕತ್ತಲಲ್ಲಿ ಮಿನುಗುವ ಝಾಕ್, ಕರಗಿ ದ್ರವವಾಗಬಲ್ಲ ಈಥನ್, ಗಿನಿ ಇಲಿಯಾಗಿ ರೂಪಾಂತರ ಹೊಂದುವ ಮಜೆಂಟಾ — ಇವರೆಲ್ಲ ಸಹಾಯಕರ ಸಾಲಿಗೆ. ಏನನ್ನೂ ತೋರಿಸಲಾಗದ ವಿಲ್ ಕೂಡ ಅಲ್ಲಿಗೇ. ಆ ತರಗತಿಯ ಗುರು ಮಿಸ್ಟರ್ ಬಾಯ್ ಒಂದು ಕಾಲದಲ್ಲಿ ಕಮಾಂಡರನ ಸಹಾಯಕನಾಗಿದ್ದವನು. ವಯಸ್ಸಾದರೂ ಆತನ ಹೆಸರಿನಲ್ಲಿ ‘ಹುಡುಗ’ ಎಂಬ ಪದ ಉಳಿದುಬಿಟ್ಟಿದೆ. ಸಹಾಯಕನೆಂದು ಒಮ್ಮೆ ಬರೆಸಿಕೊಂಡವನಿಗೆ ಬೆಳೆಯುವ ಹಕ್ಕೇ ಇಲ್ಲವೇನೋ ಎಂಬಂತೆ!

ಮುಂದೆ ಊಟದ ಕೋಣೆಯಲ್ಲಿ ನಡೆದ ಜಗಳದಲ್ಲಿ ವಿಲ್‌ನೊಳಗಿನ ಬಲ ಹೊರಬೀಳುತ್ತದೆ. ಒಂದೇ ದಿನದಲ್ಲಿ ಅವನು ಮೇಲಿನ ಸಾಲಿಗೇರುತ್ತಾನೆ, ಹಿರಿಯ ವಿದ್ಯಾರ್ಥಿನಿ ಗ್ವೆನ್ ಗ್ರೇಸನ್‌ಳ ಸ್ನೇಹ ಗಳಿಸುತ್ತಾನೆ, ಹಳೆಯ ಗೆಳೆಯರನ್ನು ಮರೆಯುತ್ತಾನೆ. ಕಡೆಗೆ ಗ್ವೆನ್ ತನ್ನ ನಿಜರೂಪ ತೋರಿದಾಗ ಶಾಲೆಯನ್ನು ಉಳಿಸುವವರು ಯಾರೂ ಲೆಕ್ಕಕ್ಕಿಡದ ಆ ಸಹಾಯಕರೇ. ಕಥೆಯ ತಿರುವುಗಳನ್ನು ಮುಂದೆ ಹೇಳಲೇಬೇಕಾಗಿದೆ. ಮೊದಲು ಚಿತ್ರ ನೋಡಬೇಕೆನ್ನುವವರು ಪುಟವನ್ನು ಮಡಿಚಿಟ್ಟು ಆಮೇಲೆ ಓದಬಹುದು.

ಚಿತ್ರದ ಗುಣಗಳು

ಮೊದಲಿಗೆ ಮೆಚ್ಚಬೇಕಾದುದನ್ನು ಮೆಚ್ಚೋಣ. ಚಿತ್ರದಲ್ಲಿ ಅಶ್ಲೀಲತೆಯಿಲ್ಲ. ಹೊಡೆದಾಟಗಳಿದ್ದರೂ ರಕ್ತದ ವೈಭವೀಕರಣವಿಲ್ಲ. ಹದಿಹರೆಯದ ಆಕರ್ಷಣೆಗಳು ಮಿತಿಯೊಳಗಿವೆ. ತಂದೆಯ ಪಾತ್ರದ ಕರ್ಟ್ ರಸೆಲ್ ಬಾಲನಟರಾಗಿ ಬೆಳೆದವರು. 1969ರಲ್ಲಿ ಇದೇ ಡಿಸ್ನಿ ಸಂಸ್ಥೆಯ ಹಾಸ್ಯಚಿತ್ರವೊಂದರಲ್ಲಿ, ಗಣಕಯಂತ್ರದ ಬುದ್ಧಿ ತಲೆಗೇರಿದ ವಿದ್ಯಾರ್ಥಿಯಾಗಿ ನಟಿಸಿದ್ದರು. ವಿದ್ಯಾರ್ಥಿಯಾಗಿದ್ದವರು ಇಲ್ಲಿ ತಂದೆಯಾಗಿದ್ದಾರೆ. ಮುಖ್ಯೋಪಾಧ್ಯಾಯಿನಿಯ ಪಾತ್ರದಲ್ಲಿರುವವರು 1970ರ ದಶಕದಲ್ಲಿ ದೂರದರ್ಶನದ ‘ವಂಡರ್ ವುಮನ್’ ಆಗಿ ಹೆಸರಾದ ಲಿಂಡಾ ಕಾರ್ಟರ್. ಇಂಥ ಆಯ್ಕೆಗಳಿಂದ ಹಿರಿಯರೂ ಕಿರಿಯರೂ ಒಂದೇ ದೃಶ್ಯಕ್ಕೆ ಬೇರೆ ಬೇರೆ ಕಾರಣಕ್ಕಾಗಿ ನಗುವಂತಾಗಿದೆ.

ಇದಕ್ಕಿಂತ ಮಿಗಿಲಾದ ಗುಣವೆಂದರೆ ಲೇಲಾ ಎಂಬ ಹುಡುಗಿಯ ಪಾತ್ರ. ಗಿಡಬಳ್ಳಿಗಳನ್ನು ಬೇಕಾದಂತೆ ಬೆಳೆಸುವ ಮಹಾಶಕ್ತಿ ಅವಳಲ್ಲಿದೆ. ವೇದಿಕೆಯ ಮೇಲೆ ತೋರಿಸಿದ್ದರೆ ನಾಯಕರ ಸಾಲು ಅವಳಿಗೆ ಖಚಿತ. ಆದರೆ ಈ ವಿಂಗಡಣೆಯೇ ತಪ್ಪು, ಅಗತ್ಯ ಬಿದ್ದಾಗಲೇ ಹೊರತು ಪ್ರದರ್ಶನಕ್ಕಾಗಿ ತನ್ನ ಶಕ್ತಿಯನ್ನು ಬಳಸಲಾರೆ ಎಂದು ಅವಳು ನಿರಾಕರಿಸುತ್ತಾಳೆ. ಕೋಚ್ ಅವಳನ್ನೂ ಸಹಾಯಕಿ ಎಂದು ಕೂಗಿಬಿಡುತ್ತಾನೆ. ಅವಳು ಹೋಗಿ ಕೆಳಗಿನ ಸಾಲಿನವರೊಡನೆ ಕುಳಿತುಕೊಳ್ಳುತ್ತಾಳೆ. ಇಡೀ ಚಿತ್ರದಲ್ಲಿ ಬಲವಿದ್ದೂ ಕೆಳಗಿಳಿದವಳು ಇವಳೊಬ್ಬಳೇ. ದೇವರಿಗೆ ಸಮನಾಗಿದ್ದೂ ಆ ಸ್ಥಾನಕ್ಕೆ ಅಂಟಿಕೊಳ್ಳದೆ ದಾಸನ ರೂಪ ತಳೆದ ಪ್ರಭುವಿನ ಕುರಿತು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದುದನ್ನು ಬಲ್ಲ ನಮಗೆ ಈ ಹುಡುಗಿಯ ನಡೆಯ ಹಿರಿಮೆ ಸುಲಭವಾಗಿ ತಿಳಿಯುತ್ತದೆ. ಚಿತ್ರ ತಯಾರಿಸಿದವರು ಸುವಾರ್ತೆಯನ್ನು ನೆನೆದು ಇದನ್ನು ಬರೆದರೆಂದು ನಾನು ಹೇಳುತ್ತಿಲ್ಲ. ಒಳ್ಳೆಯತನ ಎಲ್ಲಿ ಅರಳಿದರೂ ಅದರ ಬೇರು ನಮಗೆ ಪರಿಚಿತ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಪಾತ್ರ ವಾರನ್ ಪೀಸ್. ಕೈಯಿಂದ ಬೆಂಕಿ ಉಗುಳುವ, ಯಾರೊಡನೆಯೂ ಬೆರೆಯದ ಹುಡುಗ. ಅವನ ತಾಯಿ ಒಳ್ಳೆಯವರ ಪಕ್ಷದವಳು. ತಂದೆ ದುಷ್ಟನಾಗಿ ಸೆರೆಯಲ್ಲಿದ್ದಾನೆ. ಆತನನ್ನು ಸೆರೆಗೆ ಕಳಿಸಿದವನು ವಿಲ್‌ನ ತಂದೆಯೇ. ಶಾಲೆಯೆಲ್ಲ ಈ ಹುಡುಗನಲ್ಲಿ ಅವನ ತಂದೆಯನ್ನೇ ಕಾಣುತ್ತದೆ. ಅಪರಾಧಿಯ ಮಗ ಇನ್ನೇನಾದಾನು ಎಂಬ ಮಾತು ಶಾಲೆಯ ಗೋಡೆಗಳಲ್ಲೇ ಬರೆದಂತಿದೆ. ಆದರೆ ಸಂಜೆಯ ಹೊತ್ತು ಈ ‘ಅಪಾಯಕಾರಿ’ ಹುಡುಗ ಚೀನೀ ಊಟದ ಹೋಟೆಲೊಂದರಲ್ಲಿ ತಟ್ಟೆ ಎತ್ತಿ, ಮೇಜು ಒರೆಸಿ ದುಡಿಯುತ್ತಿರುತ್ತಾನೆ. ವಿಲ್ ಬರುವೆನೆಂದು ಮಾತು ಕೊಟ್ಟು ಮರೆತ ರಾತ್ರಿ, ಒಂಟಿಯಾಗಿ ಕುಳಿತ ಲೇಲಾಳ ಎದುರು ಕುಳಿತು ಅವಳ ಅಳಲನ್ನು ಕೇಳುವವನು ಇವನೇ. ತಂದೆಯ ಪಾಪವನ್ನು ಮಗ ಹೊರಬೇಕಾಗಿಲ್ಲವೆಂದು ಪ್ರವಾದಿ ಯೆಜೆಕಿಯೇಲನು ಹದಿನೆಂಟನೆಯ ಅಧ್ಯಾಯದಲ್ಲಿ ಸಾರಿದುದನ್ನು ಒಂದು ಹಾಸ್ಯಚಿತ್ರ ಇಷ್ಟು ಸರಳವಾಗಿ ಕಾಣಿಸಿಕೊಟ್ಟಿರುವುದು ಸಣ್ಣ ಸಂಗತಿಯಲ್ಲ.

ಎಲ್ಲಿ ಎಡವುತ್ತದೆ?

ಇನ್ನು ಚಿತ್ರ ಎಡವುವ ಜಾಗಕ್ಕೆ ಬರೋಣ. ಗ್ವೆನ್ ಯಾರು? ವಿಲ್‌ನ ತಂದೆತಾಯಿ ಓದುತ್ತಿದ್ದ ಕಾಲದಲ್ಲಿ ಅದೇ ಶಾಲೆಯಲ್ಲಿ ಸೂ ಟೆನ್ನಿ ಎಂಬ ಹುಡುಗಿಯಿದ್ದಳು. ಯಂತ್ರಗಳನ್ನು ಮನಸ್ಸಿನಿಂದಲೇ ಆಳುವ ಅಪೂರ್ವ ಪ್ರತಿಭೆ ಅವಳದು. ಆದರೆ ಆ ಕಾಲಕ್ಕೆ ಅಂಥ ಪ್ರತಿಭೆಯನ್ನು ಗುರುತಿಸುವ ಕಣ್ಣು ಶಾಲೆಗಿರಲಿಲ್ಲ. ಅವಳನ್ನು ಸಹಾಯಕರ ಸಾಲಿಗೆ ತಳ್ಳಿದರು; ವಿಚಿತ್ರದವಳೆಂದು ಬದಿಗಿಟ್ಟರು. ಆ ಗಾಯ ಹುಣ್ಣಾಗಿ, ಹುಣ್ಣು ವಿಷವಾಗಿ, ಅವಳು ‘ರಾಯಲ್ ಪೇನ್’ ಎಂಬ ಖಳನಾಯಕಿಯಾದಳು. ಮನುಷ್ಯರನ್ನು ಮತ್ತೆ ಶಿಶುಗಳಾಗಿಸುವ ಯಂತ್ರವೊಂದನ್ನು ತಯಾರಿಸಿದಳು. ಕಮಾಂಡರನೊಡನೆ ನಡೆದ ಕಾಳಗದಲ್ಲಿ ತಾನೇ ಅದಕ್ಕೆ ಸಿಲುಕಿ ಶಿಶುವಾದಳು. ಮತ್ತೊಮ್ಮೆ ಬೆಳೆದು, ಗ್ವೆನ್ ಎಂಬ ಹೆಸರಿನಲ್ಲಿ ಅದೇ ಶಾಲೆಗೆ ಮರಳಿದಳು. ಶಾಲೆಯ ಉತ್ಸವದ ರಾತ್ರಿ ಎಲ್ಲ ವೀರರನ್ನೂ ಶಿಶುಗಳಾಗಿಸಿ, ಅವರನ್ನು ದುಷ್ಟರಾಗಿ ಬೆಳೆಸುವ ತನ್ನದೇ ಶಾಲೆಯನ್ನು ತೆರೆಯುವುದು ಅವಳ ಸಂಚು.

ಓದುಗರೇ, ಈ ಸಂಚನ್ನು ಸ್ವಲ್ಪ ಆಲೋಚಿಸಿ ನೋಡಿ. ಅವಳು ಹಣ ಕೇಳಲಿಲ್ಲ, ರಾಜ್ಯ ಕೇಳಲಿಲ್ಲ. ಶಾಲೆಯಿಂದ ನೊಂದವಳು ಕೇಳಿದ್ದು ಮತ್ತೊಂದು ಶಾಲೆಯನ್ನು! ಅಲ್ಲಿಯೂ ಯಾರು ಏನಾಗಬೇಕೆಂಬುದನ್ನು ಮಗುವಿನ ತೊಟ್ಟಿಲಲ್ಲೇ ನಿರ್ಧರಿಸಿಬಿಡುತ್ತಾಳೆ. ತನಗೆ ಮಾಡಿದ್ದನ್ನೇ ಅವಳು ಇತರರಿಗೆ ಮಾಡಹೊರಟಿದ್ದಾಳೆ. ಅನ್ಯಾಯಕ್ಕೊಳಗಾದವರು ಗುಣವಾಗದೆ ಉಳಿದರೆ ಅದೇ ಅನ್ಯಾಯವನ್ನು ಮುಂದಿನವರಿಗೆ ದಾಟಿಸುತ್ತಾರೆ ಎಂಬ ಕಹಿಸತ್ಯ ಇಲ್ಲಿ ಹಾಸ್ಯದ ವೇಷ ತೊಟ್ಟು ನಿಂತಿದೆ.

ಇಷ್ಟು ದೂರ ಬಂದ ಚಿತ್ರ ಇಲ್ಲಿಂದ ಮುಂದೆ ಹೆಜ್ಜೆಯಿಡುವುದಿಲ್ಲ. ಗ್ವೆನ್ ಸೋಲುತ್ತಾಳೆ, ಶಕ್ತಿಗಳು ಕೆಲಸ ಮಾಡದಂತೆ ಕಟ್ಟಿದ ಶಿಕ್ಷೆಯ ಕೋಣೆಯಲ್ಲಿ ಅವಳನ್ನು ಕೂಡುತ್ತಾರೆ, ನಾವು ನಗುತ್ತೇವೆ. ಅವಳು ಮಾಡಿದ್ದು ಘೋರ ತಪ್ಪು, ಅದಕ್ಕೆ ತಡೆ ಬೇಕು, ನಿಜ. ಆದರೆ ಸೂ ಟೆನ್ನಿ ಎಂಬ ಮಗುವಿಗೆ ತಾವು ಮಾಡಿದ್ದೇನೆಂದು ಆ ಶಾಲೆಯಲ್ಲಿ ಒಬ್ಬರಾದರೂ ಕೇಳಿಕೊಂಡರೇ? ಮುಖ್ಯೋಪಾಧ್ಯಾಯಿನಿ ಕೇಳಲಿಲ್ಲ. ಕೋಚ್ ಬೂಮರ್ ಕೇಳಲಿಲ್ಲ. ಮರುವರ್ಷದ ಮಕ್ಕಳು ಅದೇ ವೇದಿಕೆ ಹತ್ತಿ ಅದೇ ಎರಡು ಪದಗಳಲ್ಲೊಂದನ್ನು ಕೇಳಿಸಿಕೊಳ್ಳುವುದಿಲ್ಲವೆಂಬ ಭರವಸೆಯನ್ನೂ ಚಿತ್ರ ನಮಗೆ ಕೊಡುವುದಿಲ್ಲ. ಜಕ್ಕಾಯನ ಮನೆಗೆ ಪ್ರಭು ಯೇಸು ಬಂದ ದಿನ ಅವನು ಮಾತಿನ ಪಶ್ಚಾತ್ತಾಪದಲ್ಲಿ ನಿಲ್ಲಲಿಲ್ಲ. ಮೋಸದಿಂದ ಕಸಿದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಮುಗಿಲ ಮೇಲಿನ ಶಾಲೆ ಏನನ್ನೂ ಹಿಂದಿರುಗಿಸುವುದಿಲ್ಲ.

ಎರಡನೆಯ ಕೊರತೆ ಇನ್ನೂ ಸೂಕ್ಷ್ಮವಾದುದು. ಕೊನೆಯ ಕಾಳಗದಲ್ಲಿ ಸಹಾಯಕರ ಶೌರ್ಯ ಸೊಗಸಾಗಿದೆ. ಶಾಲೆಯನ್ನು ತೇಲಿಸುವ ಯಂತ್ರ ಕೈಕೊಟ್ಟು ಇಡೀ ಕಟ್ಟಡ ನೆಲಕ್ಕೆ ಬೀಳುತ್ತಿರುವಾಗ, ದೊಡ್ಡವರಾರಿಗೂ ನುಸುಳಲಾಗದ ಸಂದಿಗೆ ನುಗ್ಗಿ ತಂತಿಯನ್ನು ಕಚ್ಚುವವಳು ಗಿನಿ ಇಲಿಯಾದ ಮಜೆಂಟಾ. ಮೊದಲ ದಿನ ಎಲ್ಲರೂ ನಕ್ಕ ಶಕ್ತಿಯೇ ಎಲ್ಲರ ಪ್ರಾಣ ಉಳಿಸಿತು. ಕೊನೆಗೆ ಕಮಾಂಡರ್ ಎಲ್ಲರೆದುರು ಇವರನ್ನು ವೀರರೆಂದು ಗೌರವಿಸುತ್ತಾನೆ. ನೋಡುವಾಗ ಕಣ್ಣು ತೇವವಾದರೆ ಆಶ್ಚರ್ಯವಿಲ್ಲ. ಆದರೆ ನೋಡಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅಂದು ತಂತಿ ಕಚ್ಚುವ ಸಂದರ್ಭವೇ ಬಾರದಿದ್ದರೆ? ಮಜೆಂಟಾ ಉಪಯೋಗಕ್ಕೆ ಬಂದುದರಿಂದ ಗೌರವಕ್ಕೆ ಅರ್ಹಳಾದಳೆಂದಾದರೆ, ಎಂದೂ ಉಪಯೋಗಕ್ಕೆ ಬಾರದ ಮಗುವಿನ ಗತಿಯೇನು? ವಿಲ್‌ಗೂ ಚಿತ್ರಕಥೆ ತಾಯಿಯ ಹಾರುವ ಶಕ್ತಿಯನ್ನು ಕೊನೆಯಲ್ಲಿ ದಯಪಾಲಿಸಿಬಿಡುತ್ತದೆ. ಒಂದು ಶಕ್ತಿಯೂ ಇಲ್ಲದೆ ಹೆದರಿದ್ದ ಹುಡುಗ ಎರಡು ಶಕ್ತಿಗಳ ಒಡೆಯನಾಗುತ್ತಾನೆ. ಶಕ್ತಿಯಿಲ್ಲದೆಯೇ ಅವನು ತಂದೆಯ ಮಗನಾಗಿ ಪೂರ್ಣನೆಂದು ಹೇಳುವ ಧೈರ್ಯ ಕಥೆಗಿಲ್ಲ.

ಇಲ್ಲಿಯೇ ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಹನ್ನೆರಡನೆಯ ಅಧ್ಯಾಯ ನಮಗೆ ದಾರಿ ತೋರಿಸುತ್ತದೆ. ದೇಹದ ದುರ್ಬಲ ಅಂಗಗಳೇ ಅತ್ಯಗತ್ಯವೆಂದೂ ಕಡಿಮೆ ಮಾನ್ಯವೆಂದು ತೋರುವ ಅಂಗಗಳಿಗೇ ಹೆಚ್ಚಿನ ಗೌರವ ಸಲ್ಲಬೇಕೆಂದೂ ಅವರು ತಿಳಿಸುತ್ತಾರೆ. ಆ ಅಂಗ ಮೊದಲು ಏನನ್ನಾದರೂ ಸಾಧಿಸಿ ತೋರಿಸಲಿ, ಆಮೇಲೆ ಗೌರವಿಸೋಣ ಎಂದು ಅವರು ಕಾಯುವುದಿಲ್ಲ. ಅದು ದೇಹಕ್ಕೆ ಸೇರಿದೆ, ಅಷ್ಟೇ ಸಾಕು. ಜ್ಞಾನಸ್ನಾನದಲ್ಲಿ ನಮ್ಮ ಮಕ್ಕಳಿಗೆ ದೊರೆತ ಸ್ಥಾನವೂ ಇಂಥದೇ. ಅಂದು ಅವರು ಯಾವ ವೇದಿಕೆಯನ್ನೂ ಹತ್ತಿರಲಿಲ್ಲ, ಯಾವ ಅಂಕವನ್ನೂ ಪಡೆದಿರಲಿಲ್ಲ.

ನಮ್ಮ ನೆಲಕ್ಕೆ ಬಂದರೆ

ಇದು ದೂರದೇಶದ ಕಾಲ್ಪನಿಕ ಕಥೆ, ನಮಗೇನು ಎಂದು ಕೇಳುವವರಿರಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಜ್ಞಾಪಿಸಿಕೊಳ್ಳಿ. ವಿಜ್ಞಾನ ವಿಭಾಗ ಸಿಕ್ಕರೆ ಮನೆಯಲ್ಲಿ ಹಬ್ಬ, ಕಲಾ ವಿಭಾಗವೆಂದರೆ ಪಕ್ಕದ ಮನೆಯವರ ಮುಂದೆ ತಗ್ಗಿದ ದನಿ. ನೆಂಟರ ಮಗನ ಶೇಕಡಾವಾರನ್ನು ಕೇಳಿ ತಿಳಿದು, ಊಟದ ತಟ್ಟೆಯ ಮುಂದೆ ಕುಳಿತ ನಮ್ಮ ಮಗುವಿಗೆ ಅದನ್ನು ಬಡಿಸುತ್ತೇವೆ. ನಮ್ಮಲ್ಲಿ ಕೋಚ್ ಬೂಮರನಷ್ಟು ಗಂಟಲಿನವರು ಇಲ್ಲದಿರಬಹುದು. ಆದರೆ ಮೆಲುದನಿಯಲ್ಲಿ ಹೇಳಿದ ತೀರ್ಪೂ ಮಗುವಿನ ಕಿವಿಗೆ ಅಷ್ಟೇ ಜೋರಾಗಿ ಕೇಳಿಸುತ್ತದೆ.

ಧರ್ಮಸಭೆಯ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳವರಾದ ನಾವೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಂಕಗಳ ಮೇಲೆ ಮಕ್ಕಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸುವಾಗ, ನೂರಕ್ಕೆ ನೂರು ಫಲಿತಾಂಶದ ಫಲಕ ಬಾಗಿಲಲ್ಲಿ ತೂಗುವಾಗ, ಆ ಫಲಕದಲ್ಲಿ ಭಾವಚಿತ್ರವಿಲ್ಲದ ಮಗು ಅದರ ಕೆಳಗೇ ನಡೆದುಹೋಗುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲೂ ಅಷ್ಟೆ. ಚೆನ್ನಾಗಿ ಹಾಡುವ, ತಡವರಿಸದೆ ವಾಚನ ಓದುವ ಮಗುವಿನ ಹೆಸರು ಎಲ್ಲರಿಗೂ ಗೊತ್ತು. ಹಬ್ಬದ ಮರುದಿನ ಕುರ್ಚಿಗಳನ್ನು ಎತ್ತಿಡಲು ಬರುವ ಹುಡುಗನ ಹೆಸರು ಎಷ್ಟು ಜನರಿಗೆ ಗೊತ್ತು?

ಜೆಸ್ಸೆಯನ ಮನೆಗೆ ಬಂದ ಪ್ರವಾದಿ ಸಮುವೇಲನು ಹಿರಿಯ ಮಗನ ಎತ್ತರವನ್ನು ಕಂಡು ಇವನೇ ಅಭಿಷಿಕ್ತನೆಂದು ಭಾವಿಸಿದ. ಸರ್ವೇಶ್ವರನು ಅವನನ್ನು ತಡೆದರು. ಮನುಷ್ಯರ ನೋಟ ಹೊರಗಿನದರ ಮೇಲೆ, ದೇವರ ನೋಟ ಹೃದಯದ ಮೇಲೆ ಎಂಬುದನ್ನು ಕಲಿಸಿದರು. ಆ ಪ್ರಸಂಗದಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದವನು ಸಮುವೇಲನಲ್ಲ, ತಂದೆ ಜೆಸ್ಸೆಯ. ಏಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಆತ, ಕುರಿ ಕಾಯಲು ಹೋಗಿದ್ದ ಎಂಟನೆಯವನನ್ನು ಕರೆಸುವ ಗೋಜಿಗೇ ಹೋಗಿರಲಿಲ್ಲ. ಸಾಲಿನಲ್ಲಿ ನಿಲ್ಲಿಸಲೂ ಯೋಗ್ಯನಲ್ಲವೆಂದು ಮನೆಯವರೇ ಬಿಟ್ಟಿದ್ದ ಮಗು ದಾವೀದ.

ಹೀಗಾಗಿ ಈ ಚಿತ್ರವನ್ನು ಮಕ್ಕಳೊಡನೆ ನೋಡಿರೆಂದೇ ನನ್ನ ಶಿಫಾರಸು. ಹತ್ತು ವರ್ಷ ದಾಟಿದ ಮಕ್ಕಳಿಗೆ ಅದು ತಕ್ಕದ್ದು. ಅವರೊಡನೆ ನೀವೂ ನಕ್ಕುಬಿಡಿ. ಆದರೆ ಚಿತ್ರ ಮುಗಿದೊಡನೆ ಏಳಬೇಡಿ. ಆ ಶಾಲೆಯ ಮುಖ್ಯಸ್ಥರು ನೀವಾಗಿದ್ದರೆ ಶಿಕ್ಷೆಯ ಕೋಣೆಯಲ್ಲಿರುವ ಗ್ವೆನ್‌ಳ ಬಳಿಗೆ ಹೋಗಿ ಏನು ಹೇಳುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಿ. ಅವರ ಉತ್ತರ ಚಿತ್ರಕಥೆಗಾರರ ಉತ್ತರಕ್ಕಿಂತ ಆಳವಾಗಿದ್ದರೆ ಅಚ್ಚರಿಪಡಬೇಡಿ. ಬಳಿಕ, ಧೈರ್ಯವಿದ್ದರೆ, ಇನ್ನೊಂದು ಪ್ರಶ್ನೆಯನ್ನೂ ಕೇಳಿ: ನಮ್ಮ ಮನೆಯಲ್ಲಿ ನಿನಗೆ ಎಂದಾದರೂ ಕೆಳಗಿನ ಸಾಲಿನಲ್ಲಿ ನಿಲ್ಲಿಸಿದಂತೆ ಅನಿಸಿದೆಯೇ?

ಆ ಪ್ರಶ್ನೆಗೆ ಮಗು ಸುಮ್ಮನಾದರೆ ಅವಸರಿಸಬೇಡಿ. ವಿಲ್ ತನ್ನ ತಂದೆಗೆ ಸತ್ಯ ಹೇಳಲು ದಿನಗಳನ್ನೇ ತೆಗೆದುಕೊಂಡ. ಅಷ್ಟು ದಿನವೂ ಅವನನ್ನು ತಡೆದದ್ದು ತಂದೆಯ ಕೋಪವಲ್ಲ, ತಂದೆಯ ಕಣ್ಣಲ್ಲಿ ಹೊಳೆಯುತ್ತಿದ್ದ ನಿರೀಕ್ಷೆ. ನಮ್ಮ ಮಕ್ಕಳು ನಮ್ಮ ಕಣ್ಣುಗಳನ್ನು ದಿನವೂ ಓದುತ್ತಾರೆ. ಅಲ್ಲಿ ಅವರು ತೀರ್ಪಿಗೆ ಮೊದಲು ಸ್ವಾಗತವನ್ನು ಓದುವಂತಾಗಲಿ.